ನಿಮಗಿದು ಗೊತ್ತೆ? ಮಂಗಳೂರು ಬಂದರಿನಲ್ಲಿತ್ತು ಪರದೇಶಿ ವರ್ತಕರ ಕೇರಿ

ಬಂದರು ಪೇಟೆ ಬೆಳೆಯುವುದು ಬಂದವರೂ ಊರವರೂ ಒಬ್ಬರನ್ನೊಬ್ಬರು ನಂಬಿದಾಗ. ಇದಕ್ಕೆ ಮಂಗಳೂರೇ ಸಾಕ್ಷಿ. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲೇ ಇಲ್ಲಿದ್ದ. 1149ರವರೆಗೂ ಹೆಚ್ಚು ಕಾಲ ನಮ್ಮ ಪಶ್ಚಿಮ ಕರಾವಳಿಯಲ್ಲೇ ವ್ಯಾಪಾರ ಮಾಡಿದ. ಯೆಮನ್‌ನ ಏಡನ್ ಬಂದರಿನಿಂದ ಒಡೆದ ಹಳೆಯ ತಾಮ್ರದ ಪಾತ್ರೆಗಳು ಅವನ ಕಾರ್ಖಾನೆಗೆ ಬರುತ್ತಿದ್ದವು. ಕರಗಿಸಿ ಹೊಸದಾಗಿ ಮಾಡಿದ ಪಾತ್ರೆಗಳ ಜೊತೆ ಮೆಣಸು, ಅಡಿಕೆ, ಕಬ್ಬಿಣ ಹಡಗೇರುತ್ತಿದ್ದವು. ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕ ಪತ್ರಗಳು ಇದನ್ನೆಲ್ಲ ಹೇಳುತ್ತವೆ. ಅವನ ಪರವಾಗಿ ಏಡನ್‌ಗೆ ಹೋಗಿ ಲೇವಾದೇವಿ ನೋಡಿಕೊಂಡ ದಾಸ ಬೊಮ್ಮ ತುಳುನಾಡಿನವನೆಂಬುದು ಲೇಖಕ ಅಮಿತಾವ್ ಘೋಷ್ ಅವರ ವಾದ.

ಒಬ್ಬ ವರ್ತಕನ ಪತ್ರಗಳಿಂದ ಒಂದು ಕೇರಿಯೇ ಇತ್ತೆನ್ನಬಹುದೆ ಎಂದು ಕೇಳಬಹುದು. 1342ರ ಸುಮಾರಿಗೆ ಬಂದ ಪ್ರವಾಸಿ ಇಬ್ನ್ ಬತೂತ ಅದಕ್ಕೆ ಉತ್ತರ ಕೊಡುತ್ತಾನೆ: ಯೆಮನ್, ಪರ್ಷಿಯಾದ ವರ್ತಕರು ಇಳಿಯುವ ಈ ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ ಅವನೇ ಬರೆದಿದ್ದಾನೆ. ಹಾಗಾದರೆ ನಂಬಿಕೆ ಎಲ್ಲಿತ್ತು? ವರ್ತಕರು ಬೇಕೆಂದು ಅರಸನೇ ಪ್ರತಿ ಸಲ ರಾಜಿ ಮಾಡಿಸುತ್ತಿದ್ದ ಎಂಬ ಮಾತೂ ಅಲ್ಲೇ ಇದೆ. ಜಗಳವಾದರೂ ಕೇರಿ ಉಳಿಯಿತು, ವ್ಯಾಪಾರ ನಿಲ್ಲಲಿಲ್ಲ. ಕನ್ನಡ, ಮರಾಠಿ ಎರಡರಲ್ಲೂ ವ್ಯವಹಾರ ನಡೆಸುವ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಪೇಟೆಗಳಿಗೆ ಈ ಪಾಠ ಹೊಸದಲ್ಲ: ಭಾಷೆ ಬೇರೆಯಾದರೂ ಪೇಟೆ ಒಂದೇ ಆಗಿರಬಲ್ಲದು, ಅದನ್ನು ಕಾಯುವ ಮನಸ್ಸು ಎಲ್ಲರಿಗೂ ಇರಬೇಕು.