ಬಡಕಲು ಕುದುರೆಗೆ ಬೆಲ್ಲ ಕೊಡೋ ಮುಂಚೆ, ಅದರ ಹಳೇ ಕಥೆ ಓದಿ

ಈ ವಾರದ ವಿಡಿಯೋದ ಬರಹ ರೂಪ ಇದು. ಲೋಕಲ್ ಟ್ರೇನಲ್ಲಿ ಓದೋರಿಗೆ ಅನುಕೂಲ ಆಗ್ಲಿ ಅಂತ ಮಾತನ್ನ ಅಲ್ಲಲ್ಲಿ ಸ್ವಲ್ಪ ಅಚ್ಚುಕಟ್ಟು ಮಾಡಿದ್ದೀವಿ.

ಡೊಂಬಿವಲಿಯಿಂದ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಮೂಲ ಹಾಸನದ ಕಡೆಯವರು, ಐರೋಲಿಯಲ್ಲಿ ಕೆಲಸ. ಕಲ್ಯಾಣ್-ಶಿಳ್ ರಸ್ತೆ ಹತ್ತಿರ ಒಂದು ಖಾಲಿ ಸೈಟಲ್ಲಿ ಕಂದು ಬಣ್ಣದ ಕುದುರೆ ಮೂರು ದಿನದಿಂದ ಕಟ್ಟಿದ ಜಾಗದಲ್ಲೇ ನಿಂತಿದೆಯಂತೆ. ಪಕ್ಕೆಲುಬು ದೂರದಿಂದಲೇ ಎಣಿಸಬಹುದು. ಅಲ್ಲಿದ್ದ ವಾಚ್‌ಮನ್ "ಮುದಿಯಾಗಿದೆ, ಅದಕ್ಕೇ ಹಾಗಿದೆ" ಅಂದನಂತೆ. ಇವರು ಬರೆದಿದ್ದು: "ಸಾರ್, ರಾತ್ರಿ ಹುರುಳಿ ನೆನೆಸಿಟ್ಟಿದ್ದೀನಿ. ಬೆಳಿಗ್ಗೆ ಎರಡು ಕೆ.ಜಿ. ಕಡಲೆ, ಒಂದು ಅಚ್ಚು ಬೆಲ್ಲ ತಗೊಂಡು ಹೋಗ್ತೀನಿ. ಸಾಕಾ?"

ನಾನು ಕೂಡಲೇ ಬರೆದೆ: ದಯವಿಟ್ಟು ಬೇಡ. ನೀರು ಕೊಡಿ, ಒಣ ಹುಲ್ಲು ಸ್ವಲ್ಪ ಸ್ವಲ್ಪ ಕೊಡಿ. ಬೆಲ್ಲ, ಕಾಳು ಎರಡೂ ಮನೇಲೇ ಇರಲಿ. ಆಮೇಲೆ ನಾಲ್ಕೈದು ಫೋಟೋ ಕಳಿಸಿ.

ಅವರಿಗೆ ಆಶ್ಚರ್ಯ ಆಯ್ತು. ನಮ್ಮ ಕಡೆ ಕುದುರೆ ಅಂದ್ರೆ ಹುರುಳಿ ಅಲ್ವಾ? ಹೌದು, ಆದರೆ ಅದು ಹೊಟ್ಟೆ ತುಂಬಿರೋ ಕುದುರೆಗೆ. ನಾನು ಪಶುವೈದ್ಯ ಅಲ್ಲ. ಹಾಗಾಗಿ ಡಾಕ್ಟರು ಬರೋವರೆಗೆ ನಾವು ನೀವು ಏನು ಮಾಡಬೇಕು, ಏನು ಮಾಡಬಾರದು ಅನ್ನೋದಷ್ಟೇ ಇವತ್ತಿನ ಮಾತು.

ನಮ್ಮ ಏರಿಯಾದಲ್ಲಿ ಕುದುರೆ ಎಲ್ಲಿಂದ ಬಂತು?

ಠಾಣೆಯಲ್ಲಿ ಇರೋರು ದಿನಾ ಘೋಡ್‌ಬಂದರ್ ರೋಡಿನ ಟ್ರಾಫಿಕ್ ಬೈತೀರ. ಘೋಡ್ ಅಂದ್ರೆ ಕುದುರೆ, ಬಂದರ್ ಅಂದ್ರೆ ಬಂದರು. ಪೋರ್ಚುಗೀಸರು ಅಲ್ಲಿ ಅರಬರ ಜೊತೆ ಕುದುರೆ ವ್ಯಾಪಾರ ಮಾಡ್ತಿದ್ದರು, ಹೆಸರು ಅದರಿಂದಲೇ ಬಂತು ಅಂತಾರೆ. ನಮ್ಮ ವಿಜಯನಗರಕ್ಕೂ ಕುದುರೆ ಸಮುದ್ರದ ಮೇಲೇ ಬರ್ತಿತ್ತು. ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಒಂದು ವಿಷಯ ಬರೆದಿಟ್ಟಿದ್ದಾನೆ. ದಾರಿಯಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದ್ರೂ ರಾಜ ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡ್ತಿದ್ದನಂತೆ. ಆಗ ಸತ್ತ ಕುದುರೆಯ ಬಾಲಕ್ಕೂ ಬೆಲೆ ಇತ್ತು. ಈಗ ಕೆಲಸ ಮುಗಿದ ಕುದುರೆ ಜೀವಂತ ನಿಂತಿದ್ರೂ ಕೇಳೋರಿಲ್ಲ.

ಇವತ್ತು ಠಾಣೆ, ಕಲ್ಯಾಣ್, ನವಿ ಮುಂಬೈ ಸುತ್ತ ಕಾಣೋ ಕುದುರೆಗೆ ಸಾಮಾನ್ಯವಾಗಿ ನಾಲ್ಕು ಹಿನ್ನೆಲೆ ಇರಬಹುದು.

ಒಂದು, ಮದುವೆ ಮೆರವಣಿಗೆ. ಮದುಮಗ ಕೂರೋ ಬಿಳಿ ಅಥವಾ ತಿಳಿ ಬಣ್ಣದ ಕುದುರೆ.

ಎರಡು, ಗಾಡಿ. ದಕ್ಷಿಣ ಮುಂಬೈನ ವಿಕ್ಟೋರಿಯಾ ಸಾರೋಟು ನಿಮಗೆ ನೆನಪಿರಬಹುದು. ಮನರಂಜನೆಗೆ ಅದನ್ನ ಓಡಿಸೋದು ಕಾನೂನುಬಾಹಿರ ಅಂತ ಬಾಂಬೆ ಹೈಕೋರ್ಟ್ 2015ರ ಜೂನ್ 8ರಂದು ತೀರ್ಪು ಕೊಟ್ಟಿತು, ನಿಲ್ಲಿಸೋಕೆ ಒಂದು ವರ್ಷದ ಗಡುವು ಹಾಕಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ಎ.ಕೆ. ಮೆನನ್. ಓಕಾ ಅವರು ಠಾಣೆ ಜಿಲ್ಲಾ ಕೋರ್ಟಲ್ಲಿ ವಕೀಲಿಕೆ ಶುರು ಮಾಡಿದವರು. 2019ರಿಂದ 2021ರವರೆಗೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದರು.

ಮೂರು, ಮಾಥೇರಾನ್. ಬೆಟ್ಟದ ಮೇಲೆ ಮೋಟಾರು ವಾಹನ ನಿಷೇಧ, ದಸ್ತೂರಿ ನಾಕಾದಲ್ಲೇ ಕಾರು ನಿಲ್ಲಿಸಬೇಕು. ಅಲ್ಲಿಂದ ಮುಂದೆ ಪ್ರವಾಸಿಗರನ್ನ ಹೊರೋದು ಕುದುರೆ.

ನಾಲ್ಕು, ರೇಸ್. ಮಹಾಲಕ್ಷ್ಮಿ, ಪುಣೆಯ ಟ್ರ್ಯಾಕಿನಲ್ಲಿ ಓಡಿ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳಲ್ಲಿ ಕೆಲವು ಸವಾರಿ ಶಾಲೆಗೆ ಹೋಗ್ತವೆ, ಕೆಲವು ಕೈಯಿಂದ ಕೈಗೆ ದಾಟ್ತಾ ಕೆಳಗಿಳೀತವೆ.

ಹಸಿವಿಗೂ ಒಂದು ಕ್ಯಾಲೆಂಡರ್ ಇದೆ

ಆಷಾಢ ಏಕಾದಶಿಯಿಂದ ಕಾರ್ತಿಕ ಏಕಾದಶಿವರೆಗೆ ಚಾತುರ್ಮಾಸ, ಮಹಾರಾಷ್ಟ್ರದಲ್ಲಿ ಮದುವೆ ಮುಹೂರ್ತ ಇರಲ್ಲ. ಮಾಲೀಕನಿಗೆ ನಾಲ್ಕು ತಿಂಗಳು ಆದಾಯ ನಿಲ್ಲುತ್ತೆ, ಆದರೆ ಕುದುರೆ ದಿನಾ ತಿನ್ನಬೇಕು. ಕುದುರೆಗೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಎರಡರಷ್ಟು ಮೇವು ಬೇಕು. 400 ಕೆ.ಜಿ. ಕುದುರೆಗೆ ಅದು 8 ಕೆ.ಜಿ. ಒಣ ಹುಲ್ಲು. ಜೊತೆಗೆ 25-30 ಲೀಟರ್ ನೀರು. ಮಳೆ ಜೋರಾದಾಗ ಮಾಥೇರಾನ್‌ನಲ್ಲೂ ಸವಾರಿ ಕಮ್ಮಿ, ನೇರಳ್‌ನಿಂದ ಹತ್ತೋ ಪುಟಾಣಿ ರೈಲೂ ಮಳೆಗಾಲದಲ್ಲಿ ನಿಲ್ಲುತ್ತೆ. ನೆಲ ಒದ್ದೆ ಇದ್ರೆ ಗೊರಸಿನ ತಳ ಕೊಳೆಯುತ್ತೆ. ಹಾಗಾಗಿ ಬಡಕಲು ಕುದುರೆ ಕಣ್ಣಿಗೆ ಬಿದ್ದಾಗ ಮೊದಲು ತಿಂಗಳು ಯಾವುದು ಅಂತ ನೋಡಿ. ಅರ್ಧ ಕಥೆ ಅಲ್ಲೇ ಇರುತ್ತೆ.

ಮೈಯನ್ನ ಓದೋದು ಹೇಗೆ?

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ಗಾದೆ ಇದೆ. ಉಳಿಸೋಕೆ ಹೊರಟ ಕುದುರೆಯ ಹಲ್ಲನ್ನ ಮಾತ್ರ ನೋಡಲೇಬೇಕು. ನಮ್ಮ ವೀಕ್ಷಕರಿಗೆ ನಾವು ಹೇಳಿದ್ದು ಇಷ್ಟು: ಹಿಂದೆ ನಿಲ್ಲಬೇಡಿ, ಭುಜದ ಪಕ್ಕ ನಿಲ್ಲಿ, ಮೆಲ್ಲಗೆ ಮಾತಾಡ್ತಾ ಇರಿ. ಬಾಯಿಗೆ ಕೈ ಹಾಕೋ ಕೆಲಸ ಡಾಕ್ಟರದ್ದು.

ಹಲ್ಲು: ಮೇಲಿನ ಸಾಲಿನ ಮುಂದಿನ ಹಲ್ಲುಗಳಲ್ಲಿ ಅಂಚಿನ ಹಲ್ಲಿನ ಮೇಲೆ ಒಂದು ಕಂದು ಗೀರು ಬರುತ್ತೆ. ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಶುರು, 15ಕ್ಕೆ ಅರ್ಧ ಹಲ್ಲು, 20ಕ್ಕೆ ಪೂರ್ತಿ. ಇದು ಅಂದಾಜು ಮಾತ್ರ. ಕುದುರೆ 25-30 ವರ್ಷ ಬದುಕೋ ಪ್ರಾಣಿ.

ತುಟಿ ಮತ್ತು ನಾಲಿಗೆ: ತುಟಿಯ ಎರಡು ಮೂಲೆಯಲ್ಲಿ ಗಟ್ಟಿ ಗಾಯದ ಕಲೆ ಇದ್ರೆ ಕಡಿವಾಣ ಜಗ್ಗಿ ಜಗ್ಗಿ ಓಡಿಸಿದ್ದಾರೆ ಅಂತ ಅರ್ಥ. ಒಳಗೆ ನಾಲಿಗೆ ಮೇಲೆ ಹಳೇ ಸೀಳು ಇದ್ರೆ ಮುಳ್ಳಿನ ಕಡಿವಾಣ ಹಾಕಿರಬಹುದು. 1965ರ ಕೇಂದ್ರದ ನಿಯಮಗಳಲ್ಲೇ ಮುಳ್ಳಿನ ಕಡಿವಾಣ ನಿಷೇಧ.

ಬೆನ್ನು: ಕಂದು ಕುದುರೆಯ ಹೆಗಲ ದಿಣ್ಣೆ ಮೇಲೆ ಅಥವಾ ಹೊಟ್ಟೆಪಟ್ಟಿ ಬಿಗಿಯೋ ಜಾಗದಲ್ಲಿ ಬಿಳಿ ಕೂದಲ ಮಚ್ಚೆ ಕಂಡ್ರೆ ಅದು ಹುಟ್ಟಿನಿಂದ ಬಂದಿದ್ದು ಅನ್ಕೋಬೇಡಿ. ಜೀನು ಉಜ್ಜಿ ಹುಣ್ಣಾಗಿ, ಮಾಗಿದ ಮೇಲೆ ಅಲ್ಲಿ ಕೂದಲು ಬಿಳಿಯಾಗಿ ಬೆಳೆಯುತ್ತೆ.

ಕತ್ತು: ಥರೋಬ್ರೆಡ್ ಆದ್ರೆ ಕತ್ತಿನ ಎಡಭಾಗದಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಇರಬಹುದು. ಸ್ಕ್ಯಾನರ್ ಹಿಡಿದ್ರೆ 15 ಅಂಕಿಯ ನಂಬರ್ ಬರುತ್ತೆ. ಆ ನಂಬರಿಗೆ ತಾಯಿ, ತಂದೆ, ಹುಟ್ಟಿದ ಫಾರ್ಮ್ ಎಲ್ಲ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ದಾಖಲಾಗಿರುತ್ತೆ. ನಮ್ಮ ಕುಣಿಗಲ್ ಕುದುರೆ ಫಾರ್ಮಲ್ಲಿ ಹುಟ್ಟಿದ್ದು ಯಾವುದೋ ಒಂದು ಹೀಗೆ ಕಲ್ಯಾಣದ ಬೀದಿಗೆ ಬಂದಿದ್ರೆ ಅದೂ ಗೊತ್ತಾಗುತ್ತೆ. ಕಿವಿ ತುದಿ ಒಳಗೆ ಬಾಗಿ ಒಂದಕ್ಕೊಂದು ಮುಟ್ಟೋ ಹಾಗಿದ್ರೆ ಅದು ಮಾರ್ವಾಡಿ ಅಥವಾ ಕಾಠಿಯಾವಾಡಿ ತಳಿ. ಅದಕ್ಕೆ ಇಂಥ ಚಿಪ್ ಇಲ್ಲದಿರೋದೇ ಹೆಚ್ಚು.

ಮೂಗು: ಹಳದಿ, ಅಂಟು ಸಿಂಬಳ, ಮೈಮೇಲೆ ಒಡೆದ ಗಂಟುಗಳು ಇದ್ರೆ ಮುಟ್ಟಲೇಬೇಡಿ. ಗ್ಲ್ಯಾಂಡರ್ಸ್ ಅನ್ನೋ ಕಾಯಿಲೆ ಇರಬಹುದು, ಅದು ಮನುಷ್ಯರಿಗೂ ಬರುತ್ತೆ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಈ ಲಕ್ಷಣ ಇಲ್ಲದಿದ್ರೂ ಹೊಸ ಕುದುರೆಯನ್ನ ರಕ್ತ ಪರೀಕ್ಷೆ ಆಗೋವರೆಗೆ ಬೇರೆ ಕುದುರೆಗಳ ಜೊತೆ ಕಟ್ಟಬಾರದು.

ಬೆಲ್ಲ ಯಾಕೆ ಬೇಡ?

ಎರಡನೇ ಮಹಾಯುದ್ಧ ಮುಗಿದಾಗ ಸೆರೆ ಶಿಬಿರಗಳಿಂದ ಬಿಡುಗಡೆಯಾದ ಕೈದಿಗಳಿಗೆ ಸೈನಿಕರು ಪ್ರೀತಿಯಿಂದ ಹೊಟ್ಟೆ ತುಂಬಾ ಊಟ ಕೊಟ್ಟರು. ಉಪವಾಸದಲ್ಲಿ ಬದುಕಿ ಉಳಿದಿದ್ದ ಕೆಲವರು ಊಟ ಮಾಡಿದ ಮೇಲೆ ಸತ್ತರು. ಕುದುರೆಗೂ ಇದೇ ಆಗುತ್ತೆ.

ತಿಂಗಳುಗಟ್ಟಲೆ ಹಸಿದ ಮೈ ತನ್ನ ಕೊಬ್ಬು, ಸ್ನಾಯು ಕರಗಿಸಿಕೊಂಡು ಬದುಕಿರುತ್ತೆ. ಒಮ್ಮೆಲೇ ಸಕ್ಕರೆ, ಪಿಷ್ಟ ಒಳಗೆ ಹೋದ್ರೆ ಇನ್ಸುಲಿನ್ ಏರುತ್ತೆ. ಅದು ಸಕ್ಕರೆ ಜೊತೆ ರಕ್ತದಲ್ಲಿರೋ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂನೂ ಜೀವಕೋಶದೊಳಗೆ ಎಳೆದುಕೊಂಡು ಹೋಗುತ್ತೆ. ಮೊದಲೇ ಖಾಲಿಯಾಗಿದ್ದ ರಕ್ತದಲ್ಲಿ ಅವು ಇನ್ನೂ ಇಳೀತವೆ. ಹೃದಯ, ಉಸಿರಾಟ ಸೋಲುತ್ತೆ. ನಾವು ತಿನ್ನಿಸಿದ ಮೂರರಿಂದ ಹತ್ತು ದಿನದೊಳಗೆ, ಅಂದ್ರೆ "ಈಗ ಹುಷಾರಾಯ್ತು" ಅಂತ ನಾವು ಖುಷಿಪಡೋ ಹೊತ್ತಿಗೆ, ಕುದುರೆ ಕುಸಿದು ಬೀಳಬಹುದು. ಜೊತೆಗೆ ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ಒಳಗೆ ಹೋದ ಕಾಳು ಹೊಟ್ಟೆ ಉಬ್ಬರಿಸಿದ್ರೆ ಹೊರಗೆ ಬರೋ ದಾರಿ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಹಸಿದ ಕುದುರೆಗಳ ಮೇಲೆ ಅಧ್ಯಯನ ಮಾಡಿ ಒಂದು ಕ್ರಮ ಕೊಟ್ಟಿದ್ದಾರೆ. ಅವರು ಆರಿಸಿಕೊಂಡಿದ್ದು ಒಣಗಿಸಿದ ಆಲ್ಫಾಲ್ಫಾ. ನಮ್ಮ ರೈತರು ಅದನ್ನ ಕುದುರೆ ಮಸಾಲೆ ಅಂತಾರೆ, ಇಲ್ಲಿ ಮರಾಠಿಯಲ್ಲಿ ಲಸೂಣ್ ಘಾಸ್. ಅದರಲ್ಲಿ ಪಿಷ್ಟ ಕಡಿಮೆ, ಮೆಗ್ನೀಸಿಯಂ, ಫಾಸ್ಫರಸ್ ಇರುತ್ತೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಸುಮಾರು ಅರ್ಧ ಕೆ.ಜಿ. ಮಾತ್ರ, ರಾತ್ರಿ ಸೇರಿ ದಿನಕ್ಕೆ ಆರು ಸಲ. ಆರನೇ ದಿನದ ಹೊತ್ತಿಗೆ ಎಂಟು ಗಂಟೆಗೊಮ್ಮೆ ಸುಮಾರು 2 ಕೆ.ಜಿ. ಹತ್ತು ದಿನ ದಾಟಿದ ಮೇಲೆ ತಿಂದಷ್ಟು. ಕಾಳು, ಬೆಲ್ಲ ಈ ಪಟ್ಟಿಯಲ್ಲೇ ಇಲ್ಲ. ಮೈ ತುಂಬೋಕೆ ತಿಂಗಳುಗಟ್ಟಲೆ ಬೇಕು. ಈ ಕ್ರಮವನ್ನ ಡಾಕ್ಟರ ಕಣ್ಣಳತೆಯಲ್ಲೇ ಮಾಡಬೇಕು, ಟೆಟನಸ್ ಇಂಜೆಕ್ಷನ್ ಕೊಡಿಸೋದನ್ನೂ ಅವರನ್ನೇ ಕೇಳಿ.

ಅಂದ್ರೆ, ಕುದುರೆ ಎರಡು ದಿನ ಮೇವಿಲ್ಲದೆ ಇದ್ದಿದ್ದಾ, ನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿ ಇದ್ದಿದ್ದಾ ಅನ್ನೋದರ ಮೇಲೆ ಇವತ್ತಿನ ಊಟ ನಿಂತಿದೆ. ಹಳೇ ಕಥೆ ಹುಡುಕಬೇಕಾಗಿರೋದು ಅದಕ್ಕೇ.

ಕಾನೂನಿನ ದಾರಿ

ಕಟ್ಟಿದ ಕುದುರೆಯನ್ನ ಬಿಚ್ಚಿ ಹೊಡ್ಕೊಂಡು ಬರಬೇಡಿ. ಅದು ಕಳ್ಳತನ ಆಗುತ್ತೆ. ದಿನಾಂಕ, ಸಮಯ ಇರೋ ಫೋಟೋ ವಿಡಿಯೋ ತಗೊಳ್ಳಿ, ಜಾಗದ ಲೊಕೇಶನ್ ಇಟ್ಕೊಳ್ಳಿ. ಪಶು ಚಿಕಿತ್ಸೆಗೆ 1962, ಪೊಲೀಸರಿಗೆ 112. ಮುಂಬೈನ ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ನೂರು ವರ್ಷಕ್ಕೂ ಹಳೆಯದು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೇವು ನೀರು ಕೊಡದಿರೋದು, ಬಿಟ್ಟುಹೋಗೋದು ಅಪರಾಧ. ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಒಂದು ಪ್ಲೇಟ್ ಮಿಸಳ್‌ಗೂ ಸಾಲಲ್ಲ. ಠಾಣೆಯಲ್ಲಿ ಇದನ್ನ ಎನ್‌ಸಿ ಅಂತ ಬರೆದು ಕಳಿಸೋ ಸಾಧ್ಯತೆಯೇ ಹೆಚ್ಚು. ಅಂಗ ಊನ ಮಾಡಿದ್ರೆ, ಕೊಂದ್ರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, ಐದು ವರ್ಷದವರೆಗೆ ಜೈಲು. ದಂಡಕ್ಕಿಂತ ಉಪಯೋಗಕ್ಕೆ ಬರೋದು 2017ರ ನಿಯಮ. ಕೇಸಾಗಿ ಪ್ರಾಣಿಯನ್ನ ವಶಕ್ಕೆ ತಗೊಂಡ್ರೆ, ಮೊಕದ್ದಮೆ ಮುಗಿಯೋವರೆಗೆ ಅದನ್ನ ಪಿಂಜರಾಪೋಲ್ ಅಥವಾ ಪ್ರಾಣಿ ದಯಾ ಸಂಘದಲ್ಲಿ ಇಡಬಹುದು, ಖರ್ಚು ಮಾಲೀಕನ ಮೇಲೆ.

ಇಲ್ಲಿ ಮಾಲೀಕನ ಬಗ್ಗೆಯೂ ಒಂದು ಮಾತು. 2015ರ ತೀರ್ಪು ಗಾಡಿ ನಿಲ್ಲಿಸಿ ಅಂತ ಮಾತ್ರ ಹೇಳಲಿಲ್ಲ. ಕುದುರೆಗೂ, ಗಾಡಿ ನಂಬಿದ್ದ ಕುಟುಂಬಗಳಿಗೂ ಪುನರ್ವಸತಿ ಯೋಜನೆ ಮಾಡಿ ಅಂತ ಸರ್ಕಾರಕ್ಕೆ ಹೇಳಿತು. ಒಬ್ಬರ ಹೊಟ್ಟೆಗೆ ಇನ್ನೊಬ್ಬರ ಹೊಟ್ಟೆ ಕಟ್ಟಿಕೊಂಡಿದೆ. ಹಾಗಾಗಿ ಕಂಪ್ಲೇಂಟಿಗಿಂತ ಮೊದಲು, ಹುಷಾರಾಗಿ, ಒಂದು ಸಲ ಮಾತಾಡಿಸಿ. "ದಾದಾ, ಘೋಡಾ ಕುಠೂನ್ ಆಣಲಾ?" ಎಲ್ಲಿಂದ ತಂದ್ರಿ ಅಂತ ಕೇಳಿದ್ರೆ, ಯಾಕೆ ಹಿಂಗಿಟ್ಟಿದ್ದೀರಿ ಅಂತ ಕೇಳಿದ್ದಕ್ಕಿಂತ ಹೆಚ್ಚು ಉತ್ತರ ಸಿಗುತ್ತೆ.

ಆ ಕಂದು ಕುದುರೆ

ನಮ್ಮ ವೀಕ್ಷಕರು ಬೆಲ್ಲ ಮನೇಲೇ ಬಿಟ್ಟು ಹುಲ್ಲು ತಗೊಂಡು ಹೋದರು. ಸಂಜೆ ಒಬ್ಬ ಹುಡುಗ ಬಂದ. ಮಾಲೀಕ ಅವನ ಚಿಕ್ಕಪ್ಪ, ಕಾಲು ಮುರಿದು ಮಲಗಿದ್ದಾನೆ. ಕುದುರೆ ಅವರ ಕೈಗೆ ಬಂದು ಎರಡು ವರ್ಷ, ಅದಕ್ಕೂ ಮುಂಚೆ ಎಲ್ಲಿತ್ತು ಅಂತ ಹುಡುಗನಿಗೆ ಗೊತ್ತಿಲ್ಲ. ಮರುದಿನ ಡಾಕ್ಟರು ಬಂದರು. ಚಿಪ್ ಸಿಗಲಿಲ್ಲ. ಹೆಗಲ ದಿಣ್ಣೆ ಮೇಲೆ ಅಂಗೈ ಅಗಲದ ಬಿಳಿ ಮಚ್ಚೆ, ತುಟಿಯ ಮೂಲೆಯಲ್ಲಿ ಗಟ್ಟಿ ಕಲೆ. ಹಲ್ಲಿನ ಗೀರು ಒಸಡಿನ ಹತ್ತಿರ ಈಗಷ್ಟೇ ಕಾಣಿಸ್ತಿತ್ತು.

ಅಂದ್ರೆ ಸುಮಾರು ಹತ್ತು ವರ್ಷ. ವಾಚ್‌ಮನ್ ಹೇಳಿದ ಹಾಗೆ ಅದು ಮುದಿಯಾಗಿರಲಿಲ್ಲ, ಹಸಿದಿತ್ತು.

ಹುಡುಗ ಈಗ ನಾಲ್ಕು ಗಂಟೆಗೊಮ್ಮೆ ಅಲಾರಂ ಇಟ್ಕೊಂಡು ಹುಲ್ಲು ಹಾಕ್ತಿದ್ದಾನೆ. ರಾತ್ರಿ ಒಂದು ಗಂಟೆಯ ಪಾಳಿ ನಮ್ಮ ವೀಕ್ಷಕರದ್ದು. ಹೇಗಿದ್ರೂ ಅಮೆರಿಕದ ಕ್ಲೈಂಟ್ ಕಾಲ್ ಮುಗಿಯೋದು ಅದೇ ಹೊತ್ತಿಗೆ ಅಂತಾರೆ. ಇವತ್ತಿಗೆ ಐದನೇ ದಿನ, ಇನ್ನೂ ಅಪಾಯ ಕಳೆದಿಲ್ಲ. ಹತ್ತು ದಿನ ದಾಟಿದ ಮೇಲೆ ಹೇಗಿದೆ ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ. ನಿಮ್ಮ ಏರಿಯಾದಲ್ಲಿ ಇಂಥ ಕುದುರೆ ಕಂಡ್ರೆ ಎಲ್ಲಕ್ಕಿಂತ ಮೊದಲು ಒಂದು ಬಕೆಟ್ ನೀರಿಡಿ.