ಗೆರೆ ಸೊಟ್ಟಾದರೆ ಆಗಲಿ ಬಿಡಿ!

ಸೋದರಿಯರೇ, ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ನೀವೇನು ಮಾಡುತ್ತೀರಿ? ಹೋದ ಆಟಿ ತಿಂಗಳಲ್ಲಿ ನಾನು ಅಳುತ್ತಾ ಕೂರುತ್ತಿದ್ದೆ. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಒಂದು ದಿನ ಮಗಳ ಬಾಲ್‌ಪೆನ್ನು ಹಿಡಿದು ಅಮ್ಮನ ಹೆರೆಮಣೆಯ ಚಿತ್ರ ಬಿಡಿಸಿದೆ. ಸೊಟ್ಟಗಾಯಿತು. ಆದರೆ ಅಷ್ಟು ಹೊತ್ತು ಕಣ್ಣೀರು ಬರಲಿಲ್ಲ!

ನೀವೂ ಶುರುಮಾಡಿ. ದುಬಾರಿ ಪೆನ್ನು ಬೇಡ. ಬಾಲ್‌ಪೆನ್ನನ್ನು ಹಗುರಾಗಿ ಎಳೆದರೆ ತೆಳುಗೆರೆ, ಒತ್ತಿದರೆ ಗಾಢ. ಜೆಲ್ ಪೆನ್ನಿನ ಶಾಯಿ ಒಣಗುವ ಮೊದಲೇ ಅಂಗೈ ತಾಗಿದರೆ ಕಲೆಯಾಗುತ್ತದೆ. ಕೈ ಕುದುರಿದ ಮೇಲೆ ಸಣ್ಣ ಮೊನೆಯ ಡ್ರಾಯಿಂಗ್ ಪೆನ್ನು ಕೊಳ್ಳಿ. ಎಲೆಯ ನರಕ್ಕೆ 0.1, ಹೊರಗೆರೆಗೆ 0.5, ಎರಡೇ ಸಾಕು. ಮೇಲೆ ನೀರುಬಣ್ಣ ಹಚ್ಚುವ ಆಸೆಯೇ? ಗೆರೆ ಎಳೆದು, ಒಣಗಿಸಿ, ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಕದಡದಿದ್ದರೆ ಆ ಪೆನ್ನು ಆದೀತು. ಇಂಡಿಯನ್ ಇಂಕನ್ನು ಮಾತ್ರ ಬರೆಯುವ ಇಂಕ್ ಪೆನ್ನಿಗೆ ತುಂಬಬೇಡಿ, ಒಳಗೇ ಕಟ್ಟಿಕೊಳ್ಳುತ್ತದೆ. ನಮ್ಮ ಮಳೆಗಾಲಕ್ಕೆ ಕಾಗದ ತೇವ ಹೀರಿ ಶಾಯಿ ಹಬ್ಬುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ.

ಪೆನ್ನಿನ ಗೆರೆಯನ್ನು ಅಳಿಸಲಾಗದು. ಅದೇ ಒಳ್ಳೆಯದು! ತಪ್ಪಿದ್ದಕ್ಕೆ ಕೊರಗದೆ ಪಕ್ಕದಲ್ಲೇ ಇನ್ನೊಂದು ಎಳೆದು ಮುಂದೆ ಹೋಗಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತಕಿಯರನ್ನು ಕುಣಿಸಿದವರು. ನಮಗೆ ಅಷ್ಟು ಬಾರದಿದ್ದರೇನಂತೆ?

ಈಗ ಬಿಡುವಾದಾಗ ಕದ್ರಿ ದೇವಸ್ಥಾನದ ಕೆರೆಗಳ ಬಳಿ ಪುಸ್ತಕ ಹಿಡಿದು ಕೂರುತ್ತೇನೆ. ಅಮ್ಮನ ನೆನಪು ಹೋಗಿಲ್ಲ, ಹೋಗುವುದೂ ಬೇಡ. ದುಃಖ ವಾರಗಟ್ಟಲೆ ಊಟ, ನಿದ್ದೆ ಕೆಡಿಸಿದರೆ ಸಂಕೋಚಪಡದೆ ಡಾಕ್ಟರನ್ನು ಕಾಣಿ. ಬರಿಯ ಬೇಸರವಾದರೆ, ಇವತ್ತೇ ನಿಮ್ಮ ಅಡುಗೆಮನೆಯ ಒಂದು ಪಾತ್ರೆಯನ್ನು ಎದುರಿಗಿಟ್ಟು ಪೆನ್ನು ಹಿಡಿಯಿರಿ.