ಹಳೆಯ ಕಾರಿನ ಸುಸ್ಥಿತಿ: ನಿರ್ವಹಣೆ ಮತ್ತು ಚಾಲನಾ ಅಭ್ಯಾಸಗಳ ಪಾತ್ರ

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕರಣ 41ರ ಮೇರೆಗೆ ಖಾಸಗಿ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಆನಂತರ ಅದನ್ನು 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿದ್ದು, ನವೀಕರಣಕ್ಕೆ ಮುನ್ನ ವಾಹನದ ತಪಾಸಣೆ ನಡೆಯುತ್ತದೆ.

15 ವರ್ಷ ತುಂಬಿದ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ತಪ್ಪು ತಿಳಿವಳಿಕೆ ಸಾರ್ವಜನಿಕರಲ್ಲಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅಂತಹ ನಿಯಮವು ಸರ್ಕಾರಿ ಸ್ವಾಮ್ಯದ ವಾಹನಗಳಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ಮಟ್ಟಿಗೆ ವಯಸ್ಸಿಗಿಂತ ಅದರ ಸ್ಥಿತಿಯೇ ನಿರ್ಣಾಯಕ. ಒಂದೇ ವರ್ಷ ತಯಾರಾದ ಎರಡು ಕಾರುಗಳ ಪೈಕಿ ಒಂದು ತಪಾಸಣೆಯಲ್ಲಿ ಸುಲಭವಾಗಿ ತೇರ್ಗಡೆಯಾಗಿ, ಇನ್ನೊಂದು ತಿರಸ್ಕೃತವಾಗಲು ಮುಖ್ಯ ಕಾರಣ ಅವುಗಳ ಪಾಲನೆಯಲ್ಲಿರುವ ವ್ಯತ್ಯಾಸ.

ಕಡಿಮೆ ಓಡಿದ ಕಾರು ಒಳ್ಳೆಯ ಕಾರೇ?

ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದ್ದ ಮಾತ್ರಕ್ಕೆ ಕಾರು ಸುಸ್ಥಿತಿಯಲ್ಲಿದೆ ಎಂದು ಭಾವಿಸುವಂತಿಲ್ಲ. ಎಂಜಿನ್ ಪೂರ್ಣ ಬಿಸಿಯಾಗುವ ಮೊದಲೇ ನಿಲ್ಲಿಸುವಂತಹ ಒಂದೆರಡು ಕಿಲೋಮೀಟರಿನ ಓಡಾಟದಲ್ಲಿ, ಇಂಧನ ಉರಿಯುವಾಗ ಉಂಟಾಗುವ ನೀರಿನ ಆವಿ ಹೊರಹೋಗದೆ ಎಂಜಿನ್ ಆಯಿಲಿನಲ್ಲಿ ಸೇರಿಕೊಳ್ಳುತ್ತದೆ. ಕ್ರಮೇಣ ಆಯಿಲು ಕೆಸರಿನಂತಾಗಿ ಜಾರಿಕೆಯ ಗುಣ ಕಳೆದುಕೊಳ್ಳುತ್ತದೆ. ಆದುದರಿಂದ ತಯಾರಕರು ಸೂಚಿಸಿದ ದೂರ ಅಥವಾ ಅವಧಿ, ಇವುಗಳಲ್ಲಿ ಯಾವುದು ಮೊದಲೋ ಆಗ ಆಯಿಲ್ ಬದಲಿಸುವುದು ಅವಶ್ಯಕ. ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಕಾರನ್ನು ಓಡಿಸಿದಲ್ಲಿ ಬ್ಯಾಟರಿಗೂ ಅನುಕೂಲ.

ರಬ್ಬರ್ ಭಾಗಗಳು ನಿಂತಲ್ಲಿಯೇ ಹಳತಾಗುತ್ತವೆ. ಟೈರಿನ ಪಾರ್ಶ್ವದಲ್ಲಿ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಲಾಗಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಕಚ್ಚುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರು ಕಾರಿಗೆ ನಿಯಮಬಾಹಿರ. ಆಳವಿದ್ದರೂ ಬಿರುಕು ಬಿಟ್ಟ ಟೈರು ಅಪಾಯಕಾರಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಬೆಲ್ಟನ್ನು ನಿಗದಿತ ಅವಧಿಗೆ ಬದಲಿಸದಿದ್ದಲ್ಲಿ, ಅದು ಓಡುವಾಗಲೇ ತುಂಡಾಗಿ ಕಾರು ನಡುರಸ್ತೆಯಲ್ಲಿ ನಿಲ್ಲುವ ಸಂಭವವಿದೆ.

ಪ್ರದೇಶಕ್ಕೆ ತಕ್ಕ ಎಚ್ಚರಿಕೆ

ಕರಾವಳಿ ಜಿಲ್ಲೆಗಳಲ್ಲಿ ಉಪ್ಪಿನಂಶದ ಗಾಳಿ ಹಾಗೂ ದೀರ್ಘ ಮಳೆಗಾಲದ ಕಾರಣ ಕಾರಿನ ಮುಖ್ಯ ಶತ್ರು ತುಕ್ಕು. ಅದು ಕಾಣುವ ಜಾಗಕ್ಕಿಂತ ಕಾಣದ ಜಾಗದಲ್ಲಿ, ಅಂದರೆ ಕಾರಿನ ತಳಭಾಗ, ಬಾಗಿಲುಗಳ ಕೆಳ ಅಂಚು ಮತ್ತು ನೆಲಹಾಸಿನ ಅಡಿಯಲ್ಲಿ ಮೊದಲು ಹಿಡಿಯುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲು ಇರುವ ಸಣ್ಣ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಮಳೆಗಾಲ ಮುಗಿದೊಡನೆ ತಳಭಾಗವನ್ನು ಸಿಹಿನೀರಿನಿಂದ ತೊಳೆಸಿ, ಒಣಗಿದ ಮೇಲೆ ತುಕ್ಕುನಿರೋಧಕ ಲೇಪ ಹಾಕಿಸುವುದು ಸೂಕ್ತ. ಷಾಸಿ ಸಂಖ್ಯೆ ಕೊರೆದಿರುವ ಜಾಗಕ್ಕೆ ತುಕ್ಕು ಹಿಡಿದು ಸಂಖ್ಯೆ ಓದಲಾಗದಂತಾದಲ್ಲಿ ತಪಾಸಣೆಯ ವೇಳೆ ಅನಗತ್ಯ ತೊಡಕುಂಟಾಗುತ್ತದೆ.

ಬಯಲುಸೀಮೆಯಲ್ಲಿ ಧೂಳು ಮತ್ತು ಬಿಸಿಲು ಮುಖ್ಯ ಸಮಸ್ಯೆಗಳು. ಗಾಳಿ ಶೋಧಕ ಕಟ್ಟಿಕೊಂಡರೆ ಎಂಜಿನ್ನಿಗೆ ಸಾಕಷ್ಟು ಗಾಳಿ ದೊರೆಯದು. ಧೂಳಿನ ರಸ್ತೆಯ ಕಾರುಗಳಲ್ಲಿ ಇದನ್ನು ಬೇಗ ಬೇಗ ಪರೀಕ್ಷಿಸಬೇಕು. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ತುಂಬುವ ರೂಢಿ ಹಲವೆಡೆ ಇದೆ. ಅದರಲ್ಲಿನ ಲವಣಗಳು ನೀರು ಕಾಯಿಸುವ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರದಂತೆ ಒಳಗೆ ಅಂಟಿಕೊಂಡು ಎಂಜಿನ್ ಕಾಯುವುದಕ್ಕೆ ದಾರಿಯಾಗುತ್ತದೆ. ತಯಾರಕರು ಸೂಚಿಸಿದ ಕೂಲೆಂಟ್ ಬಳಸುವುದೇ ಸರಿಯಾದ ಕ್ರಮ.

ಚಾರ್ಮಾಡಿ, ಶಿರಾಡಿ, ಆಗುಂಬೆಯಂತಹ ಘಟ್ಟಗಳನ್ನು ಇಳಿಯುವಾಗ ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯಬಾರದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ದ್ರವ. ತೇವ ಹೆಚ್ಚಿದಂತೆ ಅದು ಕಡಿಮೆ ಶಾಖದಲ್ಲಿಯೇ ಕುದಿದು, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದಿರಬಹುದು. ಈ ದ್ರವವನ್ನು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಬದಲಿಸುವುದು ಮತ್ತು ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು ಪ್ರಾಣರಕ್ಷಣೆಯ ವಿಷಯ. ಇಂಧನ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಸರ್ವಥಾ ಕೂಡದು.

ಚಾಲಕರ ಅಭ್ಯಾಸಗಳು

ಎಂಜಿನ್ ಚಾಲೂ ಮಾಡಿದೊಡನೆ ಆಕ್ಸಿಲರೇಟರ್ ಜೋರಾಗಿ ಒತ್ತುವುದು, ಕ್ಲಚ್ ಮೇಲೆ ಸದಾ ಕಾಲಿಟ್ಟಿರುವುದು, ಏರಿನಲ್ಲಿ ಕೈಬ್ರೇಕಿನ ಬದಲು ಅರ್ಧ ಕ್ಲಚ್‌ನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವುದು, ರಸ್ತೆ ಉಬ್ಬುಗಳ ಮೇಲೆ ವೇಗ ತಗ್ಗಿಸದೆ ಹಾರಿಸುವುದು: ಇವುಗಳ ಹಾನಿ ಒಂದು ದಿನದಲ್ಲಿ ಕಾಣದು. ಹೊಸ ಕಾರು ಸಹಿಸಿಕೊಳ್ಳುವ ಈ ಪೆಟ್ಟುಗಳನ್ನು ಹಳೆಯ ಕಾರು ಸಹಿಸಲಾರದು.

2023ರಿಂದ ಪೆಟ್ರೋಲಿನೊಂದಿಗೆ ಶೇ. 20ರಷ್ಟು ಎಥನಾಲ್ ಮಿಶ್ರಣ ಮಾರಾಟಕ್ಕೆ ಬಂದಿದೆ. ಅದಕ್ಕೆಂದು ವಿನ್ಯಾಸಗೊಳ್ಳದ ಹಳೆಯ ಕಾರುಗಳಲ್ಲಿ ಇಂಧನದ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳನ್ನು ಸರ್ವೀಸ್ ವೇಳೆ ತಪ್ಪದೆ ಪರೀಕ್ಷಿಸಿ, ಗಡುಸಾಗಿದ್ದರೆ ಬದಲಾಯಿಸಿಕೊಳ್ಳಬೇಕು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ತಡ ಮಾಡಬಾರದು.

ಅರ್ಜಿ ಸಲ್ಲಿಸುವ ಮುನ್ನ

ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ ಸಲ್ಲಿಸಬಹುದು. ಇದಕ್ಕೆ ಮೊದಲೇ ಬ್ರೇಕ್, ಸ್ಟಿಯರಿಂಗ್, ದೀಪಗಳು, ಹಾರ್ನ್, ವೈಪರ್, ಟೈರುಗಳನ್ನು ನಂಬಿಕಸ್ಥ ಮೆಕ್ಯಾನಿಕ್ ಬಳಿ ಪರೀಕ್ಷಿಸಿ ದುರಸ್ತಿ ಮಾಡಿಸಿಕೊಂಡಲ್ಲಿ ಮರುತಪಾಸಣೆಯ ಅಲೆದಾಟ ತಪ್ಪುತ್ತದೆ. ವಿಮೆ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರಗಳು ಚಾಲ್ತಿಯಲ್ಲಿರತಕ್ಕದ್ದು. ಹಳೆಯ ವಾಹನಗಳ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಹೆಚ್ಚಿರುವುದರಿಂದ, ದುರಸ್ತಿ ವೆಚ್ಚ ಮತ್ತು ಶುಲ್ಕ ಎರಡನ್ನೂ ಕೂಡಿ ಲೆಕ್ಕ ಹಾಕುವುದು ಜಾಣತನ.

ತಳಭಾಗದ ಮುಖ್ಯ ಚೌಕಟ್ಟಿಗೇ ತುಕ್ಕು ಹಿಡಿದಿದ್ದಲ್ಲಿ ಮೇಲೆ ಬಣ್ಣ ಬಳಿಸಿ ಮುಚ್ಚುವುದು ಪರಿಹಾರವಲ್ಲ. ಅಪಘಾತದಲ್ಲಿ ಒಳಗಿದ್ದವರನ್ನು ಕಾಯಬೇಕಾದುದು ಆ ಚೌಕಟ್ಟೇ. ಅಂತಹ ಕಾರು ಕುಟುಂಬಕ್ಕೆ ಎಷ್ಟೇ ಪ್ರಿಯವಾದುದಾದರೂ ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಠೇವಣಿ ಪ್ರಮಾಣ ಪತ್ರ ಪಡೆದು, ನೋಂದಣಿಯನ್ನು ರದ್ದುಪಡಿಸಿಕೊಳ್ಳುವುದು ಮಾಲೀಕರಿಗೂ ರಸ್ತೆಯಲ್ಲಿ ಸಂಚರಿಸುವ ಇತರರಿಗೂ ಕ್ಷೇಮಕರ.